ಹಾಲಿಲ್ಲವೆಂದ ಮೇಲೆ

“ತಿಮ್ಮಕ್ಕ, ನನ್ನ ಮಗು ಬಾಯಿ ಇಡುದು, ಸ್ವಲ್ಪ ಚೀಪುದು, ಮತ್ತೆ ಬೆನ್ನು ಬಿಲ್ಲಿನ ಹಾಗೆ ಮಾಡಿ ಕಿರುಚುದು. ಮಾತಾಡಿಸಿದರೆ ಇನ್ನೂ ಜೋರು. ಹೊಟ್ಟೆಯಲ್ಲಿರುವಾಗ ನನ್ನ ಗುಳಿಗೆ ಅದರ ಮೈಗೂ ಹೋಗಿತ್ತಂತೆ, ಈಗ ಸಿಗದೆ ನಡುಗುದಂತೆ. ಗುಳಿಗೆ ನಿಲ್ಲಿಸಬೇಡ, ಹಾಲು ಕೊಡು ಅಂತ ಡಾಕ್ಟ್ರು ಹೇಳಿದ್ದಾರೆ. ಆದ್ರೆ ಅದು ಕುಡಿಯಬೇಕಲ್ಲ? ಒಮ್ಮೊಮ್ಮೆ ನನ್ನ ಸಂಗತಿ ಎಲ್ಲ ಅದಕ್ಕೆ ಗೊತ್ತುಂಟು ಅಂತ ಕಾಣುದು.”

ಫರ್ಝಾನಾ ಇದನ್ನು ಹೇಳಿದ್ದು ನಾನು ಅವಳ ಬೆನ್ನಿಗೆ ಎಣ್ಣೆ ತಿಕ್ಕುವಾಗ. ಬಾಣಂತಿಯನ್ನೂ ಮಗುವನ್ನೂ ಮೀಯಿಸಲು ಈಶ್ವರಮಂಗಲದ ಅವಳ ತವರುಮನೆಗೆ ಹೋಗುತ್ತಿದ್ದೆ. ಸ್ಕೂಟರಿನಿಂದ ಬಿದ್ದು ನಡು ನೋವಾದಾಗ ತಿಂದ ಗುಳಿಗೆ ಅವಳಿಗೆ ಚಟವಾಗಿ ಅಂಟಿತ್ತು. ಅದನ್ನು ಬಿಡಿಸಲು ಮಂಗಳೂರಿನ ಡಾಕ್ಟರು ಕೊಟ್ಟದ್ದು ಬೇರೆ ಗುಳಿಗೆ. ನಾಲಿಗೆಯಡಿ ಇಟ್ಟು, ಕರಗುವ ತನಕ ಬಾಯಿ ಬಿಡಬಾರದು. ಇದು ಗೊತ್ತಿದ್ದದ್ದು ಅವಳ ತಾಯಿ ಕುಂಞಿಪಾತುಮ್ಮನಿಗೆ ಮತ್ತು ನನಗೆ. ಗಲ್ಫಿನಲ್ಲಿದ್ದ ಗಂಡನಿಗೂ ಹೇಳಿರಲಿಲ್ಲ. ಅವನ ಮನೆಯವರಿಗೆ ತಿಳಿದರೆ ಮಗುವನ್ನು ಅವಳ ಕೈಗೆ ಕೊಡಲಿಕ್ಕಿಲ್ಲ ಎಂಬ ಹೆದರಿಕೆ.

ನರ್ಸ್ ಹೇಳಿಕೊಟ್ಟ ಹಾಗೆ ಕಿಟಕಿ ಮುಚ್ಚಿ, ಮಗುವಿನ ಕೈಕಾಲು ಬಟ್ಟೆಯಲ್ಲಿ ಸುತ್ತಿ, ಮಾತಾಡಿಸದೆ ಹಿಡಿದು ನೋಡಿದಳು. ಒಂದು ಬೆಳಿಗ್ಗೆ ಅದು ಕಚ್ಚಿ ಹಿಡಿದು, ಹಣೆ ಬೆವರುವಷ್ಟು ಕುಡಿಯಿತು. ಫರ್ಝಾನಾ ಉಸಿರು ಬಿಡಲೂ ಹೆದರಿ ಕುಳಿತಿದ್ದಳು.

ಮರುದಿನ ಗಂಡನ ಅಕ್ಕ ರಿಝ್ವಾನಾ, ಜೀಪು ತುಂಬ ಹೆಂಗಸರನ್ನು ಕರೆದುಕೊಂಡು ಮಗು ನೋಡಲು ಬಂದಳು. ಫರ್ಝಾನಾ ಆಗಷ್ಟೇ ನಾಲಿಗೆಯಡಿ ಗುಳಿಗೆ ಇಟ್ಟಿದ್ದಳು.

“ಎಂತ, ನಮ್ಮನ್ನು ಕಂಡು ಬಾಯಿಗೆ ಬೀಗ ಹಾಕಿದ್ದಾ?” ರಿಝ್ವಾನಾ ಕೇಳಿದಳು. ಎಲ್ಲರೂ ನಕ್ಕರು. ಲೈಟು ಹಾಕಿದರು. ಮಗು ಮಡಿಲಿಂದ ಮಡಿಲಿಗೆ ಹೋಯಿತು, ಯಾರೋ ಅದರ ಮುಖದ ಹತ್ತಿರ ಚಿಟಿಕೆ ಹೊಡೆದರು. ಅದು ಅಳತೊಡಗಿತು.

“ಹಾಲು ಕೊಡು ಮಾರಾಯ್ತಿ.”

ಫರ್ಝಾನಾ ಎತ್ತಿಕೊಂಡಳು. ಆ ಗದ್ದಲದಲ್ಲಿ ಮಗು ಬಾಯಿ ಇಡದೆ ಸೆಟೆದು ಕಿರುಚಿತು. ಲೈಟು ಆರಿಸಿ, ಸ್ವಲ್ಪ ಸುಮ್ಮನಿರಿ ಎನ್ನಲು ಅವಳಿಗೆ ಬಾಯಿ ಬಿಡುವಂತಿರಲಿಲ್ಲ.

“ತಾಯಿಯೇ ಬೇಡದ ಮಗು ಉಂಟಾ? ಇದೆಂತ ಹೀಗೆ ನಡುಗುದು?”

ಕುಂಞಿಪಾತುಮ್ಮ ಗಾಬರಿಯಲ್ಲಿ ಹೇಳಿಬಿಟ್ಟಳು: “ಅವಳಿಗೆ ಹಾಲೇ ಇಲ್ಲ. ಹಸಿದು ನಡುಗುದು.”

“ಅಷ್ಟೇಯಾ? ಮೊದಲೇ ಹೇಳುದಲ್ವಾ?” ಎಂದಳು ರಿಝ್ವಾನಾ. “ನನ್ನ ಮಗ ಅಫ್ರೀದ್ ಬೆಳೆದದ್ದೂ ಡಬ್ಬಿ ಹಾಲಿನಲ್ಲೇ. ಈಗ ನೋಡಿ, ಕೋಣದ ಹಾಗೆ ಉಂಟು.”

ಪೇಟೆಯಿಂದ ಡಬ್ಬಿಯೂ ಬಾಟಲಿಯೂ ಬಂದವು. ಪಾಪ, ಒಳ್ಳೆ ಮನಸ್ಸಿನವಳು ರಿಝ್ವಾನಾ. ಬಾಣಂತನದ ನಲ್ವತ್ತು ದಿನ ಕಳೆಯುವ ತನಕ ನಾನೇ ನೋಡಿಕೊಳ್ಳುತ್ತೇನೆ ಎಂದು ಅಲ್ಲೇ ನಿಂತಳು. ಮಗು ಅವಳ ಮಗ್ಗುಲಲ್ಲಿ ಮಲಗಿ ಬಾಟಲಿಗೆ ಒಗ್ಗಿತು.

ಬಚ್ಚಲಲ್ಲಿ ಫರ್ಝಾನಾ ತಾಯಿಯ ಕೈ ಹಿಡಿದಳು. “ಉಮ್ಮ, ಹಾಲು ಬಂತು ಅಂತ ಹೇಳಿ.”

“ಹಾಲಿದ್ದೂ ಮಗು ನಡುಗುದು ಯಾಕೆ ಅಂತ ಕೇಳಿದರೆ ಎಂತ ಹೇಳಲಿ ಮಗಳೇ?” ಎಂದು ಕುಂಞಿಪಾತುಮ್ಮ ನನ್ನ ಮುಖ ನೋಡಿದಳು. ನಾನು ಹಂಡೆಯಿಂದ ಬಿಸಿನೀರು ತೋಡಿದೆ.

ಹೊರಗೆ ಮಗು ಅತ್ತಿತು. ಫರ್ಝಾನಾಳ ಎದೆಯಿಂದ ಹಾಲು ಸುರಿದು ನೈಟಿ ಹೊಟ್ಟೆಯ ತನಕ ಒದ್ದೆಯಾಯಿತು. ಬಿಸಿನೀರಿನ ಬಟ್ಟೆ ಒತ್ತಿ ಕಲ್ಲಾಗಿದ್ದ ಎದೆಯನ್ನು ಹಿಂಡಿದೆ. ಅವಳು ಗೋಡೆ ನೋಡುತ್ತಿದ್ದಳು. ರಿಝ್ವಾನಾ ಕಾಣುವ ಮೊದಲು ಆ ನೈಟಿಯನ್ನು ಒಗೆಯುವ ಕಲ್ಲಿಗೆ ಹಾಕಿ ಸಾಬೂನು ತಿಕ್ಕಿದೆ.