ಖಾಲಿ ಹೋಗದ ಡಬ್ಬಿಗಳು

ಮನೆ ಜೋಡಿಸುವುದನ್ನು ಕಲಿಸುವ ವಿಡಿಯೋಗಳ ಮೇಲೆ ನನಗೆ ಮೊದಲಿನಿಂದಲೂ ಒಂದು ಆಕ್ಷೇಪವಿದೆ. ಆ ಅಡುಗೆಮನೆಗಳಲ್ಲಿ ಯಾರೂ ಅಡುಗೆ ಮಾಡುವುದಿಲ್ಲ. ಒಲೆಯ ಹಿಂದಿನ ಗೋಡೆಗೆ ಒಗ್ಗರಣೆಯ ಒಂದು ಸಾಸಿವೆಯೂ ಸಿಡಿದಿರುವುದಿಲ್ಲ. ಗಾಜಿನ ಬಾಟಲಿಗಳಲ್ಲಿ ಬೇಳೆ ಕಂಠದವರೆಗೆ ತುಂಬಿರುತ್ತದೆ. ಅಂದರೆ ಅದನ್ನು ಯಾರೂ ತೆಗೆದು ಬೇಯಿಸಿಲ್ಲ ಎಂದೇ ಅರ್ಥ. ಎಲ್ಲಕ್ಕಿಂತ ಮುಖ್ಯವಾಗಿ, ಅಲ್ಲಿ ಪಕ್ಕದ ಮನೆಯವರ ಒಂದು ಪಾತ್ರೆಯೂ ಕಾಣುವುದಿಲ್ಲ. ನೆರೆಹೊರೆಯಿಲ್ಲದವರು ಮನೆಯನ್ನು ಚೊಕ್ಕಟವಾಗಿ ಇಟ್ಟುಕೊಂಡರೆ ಅದರಲ್ಲಿ ಹೆಚ್ಚುಗಾರಿಕೆ ಏನು ಬಂತು?

ಕಳೆದ ವರ್ಷ ಓದುವ ರಜೆಗೆಂದು ಬೆಳಗಾವಿಯಿಂದ ಚಿಕ್ಕೋಡಿಯ ಮನೆಗೆ ಬಂದಿದ್ದೆ. ನಾನು ಕಾನೂನು ಓದುವವಳು, ಚರ್ಚಾಸ್ಪರ್ಧೆಗಳಿಗೆ ಹೋಗುತ್ತೇನೆ. ಗೆದ್ದು ತಂದ ಕಪ್ಪುಗಳನ್ನು ಅವ್ವ ಷೋಕೇಸಿನಲ್ಲಿ ಇಟ್ಟಿದ್ದಾಳೆ. ಒಂದರಲ್ಲಿ ಪಿನ್ನುಗಳಿವೆ, ಇನ್ನೊಂದರಲ್ಲಿ ಕರೆಂಟು ಹೋದಾಗ ಬೇಕಾಗುವ ಮೇಣದಬತ್ತಿ. ಬಂದ ಮರುದಿನವೇ ವೈನಿ, ಅಂದರೆ ನನ್ನ ಅಣ್ಣನ ಹೆಂಡತಿ, ಮೊಬೈಲನ್ನು ನನ್ನ ಮುಖಕ್ಕೆ ಹಿಡಿದಳು. ಅದೇ ಥರದ ವಿಡಿಯೋ.

‘ನೋಡು ಇದನ್ನ. ಹೆಂಗೂ ಮನ್ಯಾಗ ಕುಂತ ಬರೇ ವಾದಾ ಮಾಡಾಕತ್ತಿ. ನನಗೊಂದು ಡಬ್ಬಿ ಸಿಗೂವಂಗ ಮಾಡಿಕೊಡು.’

ನಾನು ಮೇಲಿನ ಆಕ್ಷೇಪವನ್ನೆಲ್ಲ ಒಪ್ಪಿಸಿದೆ. ಅವಳು ಪೂರ್ತಿ ಕೇಳಿದಳು. ಆಮೇಲೆ, ‘ಆತಲ್ಲ? ಈಗ ಡಬ್ಬಿ’ ಅಂದಳು.

ಡಬ್ಬಿಯ ವಿಷಯ ನಗುವಂಥದ್ದಾಗಿರಲಿಲ್ಲ. ವೈನಿಗೆ ನಿಪ್ಪಾಣಿಯ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕು ಹೆಚ್ಚು ಕಾಲವಾಗಿರಲಿಲ್ಲ. ಮಗಳನ್ನು ಸೊಂಟದ ಮೇಲೆ ಇಟ್ಟುಕೊಂಡು ಕೋರ್ಸು ಮುಗಿಸಿದವಳು. ಲ್ಯಾಬಿಗೆ ಬರುವವರು ಖಾಲಿ ಹೊಟ್ಟೆಯಲ್ಲಿ ಬಂದು ಕುಳಿತಿರುತ್ತಾರೆ; ಸೂಜಿ ಚುಚ್ಚುವವಳು ತಡವಾಗಿ ಬಂದರೆ ಹಸಿದವರ ಬಾಯಿ ಸುಮ್ಮನಿರುವುದಿಲ್ಲ. ನಿಪ್ಪಾಣಿಗೆ ಮುಂಜಾನೆ ಇರುವ ಒಂದೇ ಬಸ್ಸು ತಪ್ಪಿ ಅವಳು ಅದಾಗಲೇ ತಡಮಾಡಿಕೊಂಡಿದ್ದಳು. ಲ್ಯಾಬಿನ ಯಜಮಾನರು, ‘ಈ ತಿಂಗಳ ನೋಡ್ತೀನ್ರಿ, ಆಮ್ಯಾಲ ಬ್ಯಾರೆದವರನ್ನ ನೋಡಬೇಕಾಕ್ಕೈತಿ’ ಎಂದು ಮೆತ್ತಗೇ ಹೇಳಿದ್ದರು. ಮೆತ್ತಗೆ ಹೇಳಿದ್ದೇ ಅವಳಿಗೆ ಹೆದರಿಕೆ.

ತಡವಾಗುತ್ತಿದ್ದದ್ದು ಅಡುಗೆಯಿಂದಲ್ಲ. ಅವ್ವ ಕೋಳಿ ಕೂಗುವ ಮೊದಲೇ ರೊಟ್ಟಿ ಬಡಿದು ಪಲ್ಯ ಮಾಡಿ ಇಟ್ಟಿರುತ್ತಿದ್ದಳು. ಸಕ್ಕರೆ ಕಾರ್ಖಾನೆಗೆ ಹೋಗುವ ಅಣ್ಣನಿಗೆ ಒಂದು ಡಬ್ಬಿ, ಸಾಲಿಗೆ ಹೋಗುವ ಅವರ ಮಗಳಿಗೆ, ಅಂದರೆ ಮನೆಯ ಸಣ್ಣದಕ್ಕೊಂದು, ವೈನಿಗೊಂದು. ಡಬ್ಬಿ ಸಿಕ್ಕರೆ ಮುಚ್ಚಳ ಇಲ್ಲ, ಮುಚ್ಚಳ ಸಿಕ್ಕರೆ ಅದು ಬೇರೆ ಯಾರದ್ದೋ. ಏಕೆಂದರೆ ನಮ್ಮ ಮಾಂಡಣಿಯ ಮೇಲೆ, ಅಂದರೆ ಗೋಡೆಗೆ ಬಡಿದ ಪಾತ್ರೆಗಳ ಹಲಗೆಯ ಮೇಲೆ, ಓಣಿಯವರೆಲ್ಲರ ಡಬ್ಬಿಗಳು ಬೀಡುಬಿಟ್ಟಿದ್ದವು. ಪಕ್ಕದ ಚಾಚಿ ಬಿರ್ಯಾನಿಯ ಅನ್ನ ಕಳಿಸಿದ ಡಬ್ಬಿ, ಎದುರಿನ ಕಾಕು ಥಾಲಿಪೀಠ ಕಳಿಸಿದ ತಾಟು, ಯಾರದೋ ಸೀಮಂತದ ಉಂಡೆ ಬಂದ ಬೋಗುಣಿ. ಊಟ ಬಂದು ಹೋಗಿತ್ತು, ಪಾತ್ರೆ ಮಾತ್ರ ಕಾಯುತ್ತಿತ್ತು. ಬಂದ ಪಾತ್ರೆಯನ್ನು ಬರಿದಾಗಿ ತಿರುಗಿ ಕಳಿಸುವಂತಿಲ್ಲ. ಅದರೊಳಗೆ ಏನಾದರೂ ಹಾಕಬೇಕು. ಹಾಕುವಂಥದ್ದು ಮನೆಯಲ್ಲಿ ಆಗುವವರೆಗೆ ಅದು ಇಲ್ಲೇ.

ವಿಡಿಯೋದ ಮೊದಲ ಸೂತ್ರ: ಪರರ ವಸ್ತು ಪರರಿಗೆ ಕೊಟ್ಟುಬಿಡಿ. ಇದೊಂದನ್ನು ನಾನು ಒಪ್ಪಿದೆ. ವಿಷಯವನ್ನು ಅವ್ವನ ಮುಂದೆ ಮಂಡಿಸಿದೆ.

‘ಖಾಲಿ ಡಬ್ಬಿ ಕಳಿಸಿದ್ರ ಮಂದಿ ಏನ್ ಅಂತಾರಬೇ?’ ಅಂದಳು ಅವ್ವ.

‘ಡಬ್ಬಿ ಬಂತು ಅಂತಾರ.’

‘ನಿಮ್ಮ ಕಾಲೇಜಿನಾಗ ಅನ್ನು ಇದನ್ನ. ಇಲ್ಲಿ ಅಂದ್ರ ನಾಳೆ ಯಾವ ಮಾರಿ ಇಟ್ಕೊಂಡ ಹಾಲ ತರಾಕ ಹೋಗ್ಲಿ ನಾ?’

‘ಹಂಗಾರ ಒಂದೊಂದ ಹಿಡಿ ಸಕ್ಕರಿ ಹಾಕು.’

‘ಬಿರ್ಯಾನಿ ಬಂದ ಡಬ್ಬಿಗೆ ಸಕ್ಕರಿ?’

ಈ ಪ್ರಶ್ನೆಗೆ ನನ್ನ ಬಳಿ ಉತ್ತರವಿತ್ತು, ಆದರೆ ಆಕೆ ಕಾಯಲಿಲ್ಲ. ತಿದ್ದುಪಡಿಯೊಂದಿಗೆ ಗೊತ್ತುವಳಿ ಪಾಸಾಯಿತು: ಎಲ್ಲ ಪಾತ್ರೆ ಒಂದೇ ದಿನ ಹೋಗಬೇಕು, ಎಲ್ಲದರಲ್ಲೂ ಶೇಂಗಾ ಹೋಳಿಗೆ ಇರಬೇಕು. ಅವ್ವ ಶೇಂಗಾ ಹುರಿಯಲು ಕುಳಿತಳು. ಆ ಮುಂಜಾನೆ ತನ್ನ ಡಬ್ಬಿ ಸಿಗದೆ ವೈನಿ ಬಟ್ಟೆಯಲ್ಲಿ ಬುತ್ತಿ ಕಟ್ಟಿಕೊಂಡು ಬಸ್ಸಿಗೆ ಓಡಿದ್ದಳು. ಯಾವುದು ಯಾರದೆಂದು ವಿಂಗಡಿಸುವ ಕೆಲಸ ನನ್ನದು. ಕೇಳಿದರೆ ಅವ್ವ ಒಂದೊಂದು ಪಾತ್ರೆಗೂ ಒಂದೊಂದು ಪುರಾಣ ಹೇಳುತ್ತಿದ್ದಳು, ಹಾಗಾಗಿ ನಾನು ದಾಖಲೆಯನ್ನೇ ನಂಬಿದೆ. ನಮ್ಮ ಕಡೆ ಸ್ಟೀಲಿನ ಪಾತ್ರೆಗಳ ಮೇಲೆ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆಸಿರುತ್ತಾರೆ. ಹೆಸರು ಓದಿದೆ, ಸಾಲು ಮಾಡಿದೆ, ತುಂಬಿದೆ, ಓಣಿಗೆ ಹಂಚಿ ಬಂದೆ. ಮಾಂಡಣಿ ಬಯಲಾಯಿತು.

ಬಯಲು ಎಷ್ಟು ಹೊತ್ತು ಉಳಿಯಿತೆಂದರೆ, ಹೋಳಿಗೆ ಆರುವಷ್ಟು. ಅದೇ ದಿನ ಚಾಚಿ ತುಪ್ಪದಲ್ಲಿ ಹುರಿದ ಶಾವಿಗೆ ಪಾಯಸ ತಂದರು. ‘ಹೋಳಿಗಿ ಭಾಳ ಮಸ್ತ ಆಗಿತ್ತವ್ವಾ, ಬಾಯಿ ಸುಮ್ಮನ ಇರಬೇಕಲ್ಲ’ ಎಂದು ಅದೇ ಡಬ್ಬಿಯನ್ನು ಕೈಗಿತ್ತರು. ಅವರ ಹಿಂದೆ ಇನ್ನೊಬ್ಬರು, ಅವರ ಹಿಂದೆ ಮತ್ತೊಬ್ಬರು. ಸಂಜೆ ನಿಪ್ಪಾಣಿಯಿಂದ ಬಂದ ವೈನಿ ಮಾಂಡಣಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. ‘ಮುಂಜಾನಿಗಿಂತ ಜಾಸ್ತಿ ಅದಾವಲ್ಲಲೇ’ ಎಂದಷ್ಟೇ ಹೇಳಿ ಸೀರೆ ಬದಲಿಸಲು ಹೋದಳು. ಎದುರಿನ ಕಾಕುವಿನ ಮನೆಯಿಂದ ಮಾತ್ರ ಏನೂ ಬರಲಿಲ್ಲ. ಒಬ್ಬರಾದರೂ ತಿಳಿದವರಿದ್ದಾರೆ ಅಂದುಕೊಂಡೆ.

ಮರುದಿನ ಮುಂಜಾನೆ ವೈನಿಯ ಡಬ್ಬಿಯೇ ಇರಲಿಲ್ಲ.

ಅಡುಗೆಮನೆ ಹುಡುಕಿದೆವು, ನಡುಮನೆ ಹುಡುಕಿದೆವು. ಸಣ್ಣದು ಹಾಸಿಗೆಯ ಕೆಳಗೂ ಇಣುಕಿ ತನ್ನ ಕಾಣೆಯಾಗಿದ್ದ ಬಳಪ ಸಿಕ್ಕಿತೆಂದು ಕುಣಿಯಿತು. ‘ಬಟ್ಟ್ಯಾಗ ಬುತ್ತಿ ಕಟ್ಟಿಕೊಡ್ತೀನಿ’ ಎಂದು ಅವ್ವ ಬಟ್ಟೆ ಹುಡುಕತೊಡಗಿದಳು, ಅದೂ ಸಿಗಲಿಲ್ಲ. ವೈನಿ ವಾಚನ್ನು ನೋಡುವುದನ್ನು ಬಿಟ್ಟಿದ್ದಳು. ಬಾಗಿಲಿಗೆ ಒರಗಿ ನಿಂತಿದ್ದಳು. ಆಗ ಎದುರಿನ ಕಾಕು ಒಳಗೆ ಬಂದರು. ಕೈಯಲ್ಲಿ ವೈನಿಯ ಡಬ್ಬಿ. ಮುಚ್ಚಳ ಸಹ ತೆಗೆದಿರಲಿಲ್ಲ.

‘ಇದೇನ್ರಿ ಅಕ್ಕಾ?’ ಕಾಕು ಅವ್ವನನ್ನು ಕೇಳಿದರು. ಮನೆಯಲ್ಲಿ ಮರಾಠಿ ಆಡುವವರು ಅವರು. ಸಿಟ್ಟು ಬಂದರೆ ಎರಡೂ ಭಾಷೆ ಒಟ್ಟಿಗೆ ಹೊರಡುತ್ತವೆ. ‘ನಿಮ್ಮ ಸೊಸಿ ಲಗ್ನಾದಾಗ ನಾವ್ ಕೊಟ್ಟ ಆಹೇರ ಇದು. ಇಷ್ಟ ವರ್ಷಾದ ಮ್ಯಾಲ ತಿರುಗಿ ಕಳಿಸೀರಿ. ಆಮಚಂ ಕಾಯ್ ಚುಕಲಂ, ನಮ್ಮದೇನ ತಪ್ಪಾತು ಹೇಳ್ರಿ.’

ಅವ್ವ ನನ್ನ ಕಡೆ ನೋಡಿದಳು. ಡಬ್ಬಿಯ ಮೇಲೆ ಕಾಕುವಿನ ಯಜಮಾನರ ಹೆಸರು ಚುಕ್ಕಿಯಲ್ಲಿ ಹೊಳೆಯುತ್ತಿತ್ತು. ಕೊರೆಸುವ ಹೆಸರು ಕೊಟ್ಟವರದ್ದು, ಇಟ್ಟುಕೊಂಡವರದ್ದಲ್ಲ. ಇದು ಗೊತ್ತಿರದ ವಿಷಯವೇನಲ್ಲ. ಮದುವೆಯ ಉಡುಗೊರೆ ತುಂಬಿಕೊಂಡ ಮನೆಯಲ್ಲೇ ಬೆಳೆದವಳು ನಾನು. ಆದರೆ ಹೆಸರು ಕಂಡರೆ ಒಡೆತನ ಎಂದು ಓದುವ ಚಟ ಪುಸ್ತಕಗಳಿಂದ ಅಂಟಿಕೊಂಡಿತ್ತು.

‘ಕಾಕು, ಅದು ತಾಂತ್ರಿಕವಾಗಿ ನೋಡಿದರ...’ ಎಂದು ಶುರುಮಾಡಿದೆ.

‘ನೀ ಬಾಯಿ ಮುಚ್ಚಬೇ’ ಎಂದರು ಅವ್ವ, ಕಾಕು ಇಬ್ಬರೂ, ಒಂದೇ ಉಸಿರಿಗೆ.

ವೈನಿ ಬಾಗಿಲಿಂದ ಬಂದು ಕಾಕುವಿನ ಕೈಯಿಂದ ಡಬ್ಬಿ ತೆಗೆದುಕೊಂಡಳು. ಒಳಗೆ ಹೋಳಿಗೆ ಹಾಗೇ ಇದ್ದವು. ಅಲುಗಿಸಿ ನೋಡಿ ಪರ್ಸಿನ ಪಕ್ಕ ಚೀಲಕ್ಕೆ ಇಳಿಬಿಟ್ಟಳು. ‘ಇದರಾಗ ದಿನಾ ಊಟಾ ಮಾಡ್ತೀನ್ರಿ ಕಾಕು. ನಾ ಯಾಕ ತಿರುಗಿ ಕಳಿಸ್ಲಿ? ಬಸ್ಸ ಹೋಗೂ ಹೊತ್ತಾಗೇತ್ರಿ. ಸಂಜಿಗೆ ಬಂದು ಬೈಸ್ಕೋತೀನಿ.’

ಕಾಕು ಅಂಗಳಕ್ಕೆ ಇಳಿದರು. ಅವರ ಸ್ಕೂಟಿ ಅಲ್ಲೇ ನಿಂತಿತ್ತು. ‘ಚಲ್, ಹಿಂದ ಕುಂದ್ರು’ ಎಂದರು. ಚಪ್ಪಲಿ ಹಾಕಿಕೊಳ್ಳಲಿಲ್ಲ, ಜಗಳವನ್ನೂ ಬಿಡಲಿಲ್ಲ. ಓಣಿಯ ತಿರುವಿನವರೆಗೂ ಆಹೇರದ ಮಾತು ಕೇಳಿಸುತ್ತಿತ್ತು. ಬಸ್ಸು ನಿಲ್ದಾಣ ಬಿಟ್ಟಾಗಿತ್ತಂತೆ. ಕಾಕು ಅದನ್ನು ನಿಪ್ಪಾಣಿ ರಸ್ತೆಯಲ್ಲಿ ಬೆನ್ನಟ್ಟಿ, ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಅದು ನಿಧಾನವಾದಾಗ ಅಡ್ಡಹಾಕಿ, ಕಂಡಕ್ಟರನಿಗೂ ನಾಲ್ಕು ಮಾತು ಹೇಳಿ ವೈನಿಯನ್ನು ಹತ್ತಿಸಿದರು. ಕಾಕು ಇದನ್ನು ಹೇಳುವಾಗಲೆಲ್ಲ ಟ್ರ್ಯಾಕ್ಟರು ಕಥೆಯಿಂದ ಬಿಟ್ಟುಹೋಗುತ್ತದೆ. ನಾನು ಸೇರಿಸುತ್ತೇನೆ.

ಆ ಸಂಜೆ ಕಟ್ಟೆಯ ಮೇಲೆ ಸಭೆ ಸೇರಿತು: ಅವ್ವ, ಕಾಕು, ಚಾಚಿ, ವೈನಿ ಮತ್ತು ಮಾತಾಡಲು ಅನುಮತಿ ಇಲ್ಲದ ನಾನು. ವೈನಿ ಬಹಳ ಮಾತಾಡುವವಳಲ್ಲ. ಅವತ್ತು ಆಡಿದಳು. ‘ನನಗ ಚಂದ ಬ್ಯಾಡ. ಆ ವಿಡಿಯೋದಾಗಿನ ಕಾಚಿನ ಬಾಟ್ಲಿನೂ ಬ್ಯಾಡ. ಮುಂಜಾನಿ ಕಣ್ಣ ಮುಚ್ಚಿ ಕೈ ಹಾಕಿದ್ರ ನನ್ನ ಡಬ್ಬಿ ಕೈಗೆ ಬರಬೇಕು. ನೌಕರಿ ಹೋದ್ರ ಮತ್ತ ಸಿಗಾಂಗಿಲ್ಲ.’

ಯಾವ ವಿಡಿಯೋವೂ ವಿಷಯವನ್ನು ಇಷ್ಟು ನೇರವಾಗಿ ಮಂಡಿಸಿರಲಿಲ್ಲ. ಅವ್ವ ಒಳಗೆ ಹೋಗಿ ಹಳೆಯ ಸೀರೆಗಳ ಗಂಟು ತಂದಳು. ಚಿಂದಿಯ ಮೇಲೆ ಚಿಂದಿ ಜೋಡಿಸಿ ಕೌದಿ ಹೊಲಿಯುವುದು ಆಕೆಗೆ ಉಸಿರಾಡಿದಷ್ಟು ಸಲೀಸು. ‘ಗ್ವಾಡಿಗೆ ಒಂದ ಕೌದಿ ಹೊಲೀತೀನಿ, ಕಿಸೇದ ಕೌದಿ’ ಎಂದಳು. ಟೇಪು ಹಿಡಿಯಲಿಲ್ಲ, ಡಬ್ಬಿಯನ್ನೇ ಬಟ್ಟೆಯ ಮೇಲೆ ಕೂರಿಸಿ ಸುತ್ತಲೂ ಮಡಚಿ, ಒಂದು ಬೆರಳು ಸಡಿಲ ಬಿಟ್ಟು ಕಿಸೆ ಹೊಲಿದಳು. ಅಣ್ಣನ ಹರಿದ ಖಾಕಿ ಅಂಗಿಗಳಲ್ಲಿ ಕಿಸೆಗಳು ಈಗಾಗಲೇ ಇವೆ, ಅವನ್ನು ಬಿಚ್ಚದೆ ಹಾಗೇ ಕತ್ತರಿಸಿ ಹಚ್ಚಿದರೆ ಚಮಚಗಳಿಗೆ ಸಾಕು ಎಂದು ನಾನು ಸೂಚಿಸಿದೆ. ‘ಇದೊಂದ ಬರೋಬ್ಬರಿ ಅಂದಿ ನೋಡು’ ಎಂದಳು. ಹಿಂಬದಿಗೆ ಗಟ್ಟಿಯಾಗಲೆಂದು ಗೊಬ್ಬರದ ಚೀಲ ತೊಳೆದು ಹಾಕಿದೆವು. ಅಂಚಿಗೆ ಹಳೆಯ ಸೀರೆಯ ಕೆಂಪು ದಡಿ ಬಂತು. ಅದು ಅಡುಗೆಮನೆಯ ಬಾಗಿಲ ಹಿಂದೆ ತೂಗಿದ ದಿನ, ನಿಜ ಹೇಳಬೇಕೆಂದರೆ, ಚಂದವೂ ಇತ್ತು.

ಯಾವುದು ಯಾರದೆಂಬ ಪ್ರಶ್ನೆಗೆ ಚಾಚಿ ಉತ್ತರ ಕೊಟ್ಟರು. ಮಗಳ ಉಗುರುಬಣ್ಣದ ಬಾಟಲಿಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು, ‘ತಳಕ್ಕೊಂದ ಬೊಟ್ಟ ಇಡ್ರಿ. ತಿಕ್ಕಿದ್ರೂ ಹೋಗೂದಿಲ್ಲ’ ಎಂದರು. ತಮ್ಮ ಮನೆಗೆ ಮಿಂಚುವ ಗುಲಾಬಿಯನ್ನು ಮೊದಲೇ ಕಾದಿರಿಸಿಕೊಂಡಿದ್ದರು. ನಮಗೆ ಕೆಂಪು. ಕಾಕು ನೀಲಿ ಬೇಕೆಂದರು. ನೀಲಿ ಇಲ್ಲವೆಂದಾಗ ಎರಡು ಬೊಟ್ಟು ಬೇಕೆಂದರು. ಆಹೇರದ ಡಬ್ಬಿಯ ತಳಕ್ಕೆ ಕೆಂಪು ಬೊಟ್ಟನ್ನು ಅವರೇ ಇಟ್ಟರು, ಹಣೆಗೆ ಇಟ್ಟಷ್ಟು ಜೋಪಾನವಾಗಿ.

ಇನ್ನು ತಿರುಗಿ ಹೋಗಬೇಕಾದ ಪಾತ್ರೆಗಳು. ಕಾಗವಾಡದ ಕಡೆ ನಮ್ಮ ಸೋದರಮಾವನ ದ್ರಾಕ್ಷಿ ತೋಟವಿದೆ. ಅಲ್ಲಿಂದ ಬಂದ ಖಾಲಿ ಕ್ರೇಟೊಂದನ್ನು ತೊಳೆದು, ಸುಣ್ಣದಲ್ಲಿ ರಂಗೋಲಿಯ ಎಳೆ ಬರೆದು ಮುಂಬಾಗಿಲ ಪಕ್ಕ ಇಟ್ಟೆವು. ಪರರ ಡಬ್ಬಿ ಅಡುಗೆಮನೆಯ ಹೊಸ್ತಿಲು ದಾಟುವುದಿಲ್ಲ. ತೊಳೆದು ನೇರ ಕ್ರೇಟಿಗೆ. ಪಕ್ಕದಲ್ಲೇ ಅದೇ ತೋಟದ ಒಣದ್ರಾಕ್ಷಿಯ ಭರಣಿ. ಹೋಗುವಾಗ ಬರುವಾಗ ಯಾರಾದರೂ ಒಂದು ಹಿಡಿ ಹಾಕಿ ಡಬ್ಬಿ ಮುಟ್ಟಿಸಬೇಕು, ಅದಕ್ಕಾಗಿ ಒಲೆ ಹಚ್ಚಬಾರದು. ಮೂರು ಮನೆಗಳೂ ಒಪ್ಪಿದವು. ಚಾಚಿ ಆ ವಾರವೇ ಗೋಧಿಹಿಟ್ಟು-ಬೆಲ್ಲದ ಗುಳಪಾಪಡಿ ಮಾಡಿ ಕಳಿಸಿ ಒಪ್ಪಂದ ಮುರಿದರು. ಉಲ್ಲಂಘನೆ ರುಚಿಯಾಗಿತ್ತು, ನಾನು ಆಕ್ಷೇಪಿಸಲಿಲ್ಲ.

ಆದರೆ ಕೌದಿ ಕೆಲಸ ಮಾಡುತ್ತದೆಂದು ಪುರಾವೆಯಿಲ್ಲದೆ ನಂಬುವವಳು ನಾನಲ್ಲ. ವೈನಿಯ ಕಣ್ಣಿಗೆ ಓಢಣಿ ಕಟ್ಟಿದೆ. ಸಣ್ಣದು ಅವಳನ್ನು ಹಿಡಿದು ತಿರುಗಿಸಿ ಬಿಟ್ಟಿತು. ವೈನಿ ಕೈಚಾಚಿ ಬಾಗಿಲು ಮುಟ್ಟಿ, ದಡಿ ಸವರಿ, ನೇರ ತನ್ನ ಕಿಸೆಗೆ ಕೈಹಾಕಿದಳು. ಡಬ್ಬಿಯೂ ಬಂತು, ಮುಚ್ಚಳವೂ ಬಂತು.

‘ಆಕಿ ಕದ್ದ ನೋಡ್ಯಾಳ’ ಎಂದೆ.

‘ಸೋಲೂದ ಕಲಿ’ ಎಂದಳು ಅವ್ವ.

ಉಳಿದ ದಿನಗಳಲ್ಲಿ ಬಸ್ಸು ತಪ್ಪಲಿಲ್ಲ. ಇದು ಕೌದಿಯಿಂದಲೇ ಆಯಿತೆಂದು ಸಾಧಿಸುವುದು ಕಷ್ಟ. ಆ ದಿನಗಳಲ್ಲಿ ಅಣ್ಣ ತನ್ನ ಡಬ್ಬಿಯನ್ನು ತಾನೇ ಕಟ್ಟಿಕೊಳ್ಳತೊಡಗಿದ್ದ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕಿಸೆ ಕಣ್ಣೆದುರು ತೂಗುತ್ತಿರುವಾಗ ‘ನನ್ನದು ಎಲ್ಲೈತಿ’ ಎಂದು ಕೂಗಲು ಅವನಿಗೆ ನೆಪ ಉಳಿದಿರಲಿಲ್ಲ. ತಿಂಗಳ ಕೊನೆಗೆ ವೈನಿ ನಿಪ್ಪಾಣಿಯಿಂದ ಬಂದು ಚೀಲ ಇಳಿಸಿ, ಯಾರನ್ನೂ ನೋಡದೆ, ‘ಕಾಯಂ ಮಾಡಿದ್ರು’ ಎಂದಳು. ಅವ್ವ ಸೆರಗಿನಿಂದ ಅವಳ ಮುಖ ಒರೆಸಿದಳು. ಒರೆಸುವಂಥದ್ದು ಅಲ್ಲಿ ಏನೂ ಇರಲಿಲ್ಲ.

ಮರುದಿನ ಮುಂಜಾನೆ ನಾನು ಎದ್ದು ಬಂದಾಗ ವೈನಿ ಹಿತ್ತಲ ಮೆಟ್ಟಿಲ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದಳು. ಅವಳು ಮುಂಜಾನೆ ಕುಳಿತದ್ದನ್ನು ನಾನು ಕಂಡದ್ದು ಅದೇ ಮೊದಲು. ಪಕ್ಕದಲ್ಲಿ ಕುಳಿತು, ಈ ಗೆಲುವಿನಲ್ಲಿ ಯಾರ ಪಾಲು ಎಷ್ಟು ಎಂಬುದನ್ನು ವಿವರಿಸತೊಡಗಿದೆ. ಅಂಗಿಯ ಕಿಸೆಗಳ ಬಗ್ಗೆ ನಾನು ಕೊಟ್ಟ ಸಲಹೆಯವರೆಗೆ ಬಂದಿದ್ದೆ.

‘ಹಂಗಾರ ನೀನ ಗೆದ್ದಿ’ ಎಂದಳು ವೈನಿ. ‘ಈಗ ಒಂದೀಟು ಸುಮ್ಮನ ಕುಂದ್ರು. ನಾ ಚಾ ಕುಡೀತೀನಿ.’

ಸುಮ್ಮನೆ ಕುಳಿತೆ. ಬಸ್ಸಿಗೆ ಇನ್ನೂ ಹೊತ್ತಿತ್ತು.