ಅಂಚಿನ ಗೆರೆ

ದೊಡ್ಡಬಳ್ಳಾಪುರದ ಮಗ್ಗದ ಮನೆಯಲ್ಲಿ ಹುಟ್ಟಿದವನಿಗೆ ಅಂಚಿಲ್ಲದ ವಸ್ತು ಅರೆಬರೆಯಾಗಿ ಕಾಣುತ್ತದೆ. ಈ ಕಾಯಿಲೆಯನ್ನು ನಾನು ಸರ್ಕ್ಯೂಟ್ ಬೋರ್ಡಿಗೂ ಅಂಟಿಸಿದೆ.

ದಾಬಸ್‌ಪೇಟೆಯ ಪುಟ್ಟ ಕಂಪನಿಯೊಂದರಲ್ಲಿ ನನಗೆ ಒಪ್ಪಿಸಿದ ಮೊದಲ ವಿನ್ಯಾಸ ಅದು: ನೂಲು ತುಂಡಾದ ಕೂಡಲೇ ಮಗ್ಗವನ್ನು ನಿಲ್ಲಿಸುವ ಬೋರ್ಡ್. ಅದರ ಚಿಪ್‌ಗಳೆಲ್ಲ ಒಂದೇ ತಾಳಕ್ಕೆ ಕೆಲಸ ಮಾಡಲು ಕ್ಲಾಕ್ ಸಿಗ್ನಲ್ ಬೇಕು. ಸೆಕೆಂಡಿಗೆ ಕೋಟಿಗಟ್ಟಲೆ ಸಲ ಮಿಡಿಯುವ ಸಿಗ್ನಲ್. ಅದರ ತಾಮ್ರದ ಗೆರೆಯನ್ನು ಬೋರ್ಡಿನ ನಾಲ್ಕೂ ಅಂಚಿಗೆ ಸುತ್ತಿಸಿ, ಮೂಲೆಗಳಲ್ಲಿ ನಯವಾಗಿ ಬಾಗಿಸಿದೆ. ಥೇಟ್ ಸೀರೆಯ ಬಾರ್ಡರ್. ಅದರ ಫೋಟೊವನ್ನು ವಾಟ್ಸಾಪ್ ಸ್ಟೇಟಸ್‌ಗೂ ಹಾಕಿಕೊಂಡೆ.

ಮಗ್ಗಕ್ಕೆ ರಜೆಯಿದ್ದ ದಿನ ಬೋರ್ಡನ್ನು ಮನೆಗೆ ತಂದು ಚಾಲೂ ಮಾಡಿದೆ. ಪಕ್ಕದಲ್ಲಿ ಅಮ್ಮ ರೇಡಿಯೊ ಹಾಕಿಕೊಂಡು, ಲಾಳಿಯೊಳಗೆ ಕೂರಿಸುವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಹಾಡು ಹೋಗಿ ಕಿರ್ರೆಂಬ ಸದ್ದು ಬಂತು. "ರೇಡಿಯೊ ಹಳೇದಾಯ್ತು ಕಣಮ್ಮ" ಎಂದು ಹೊಸದನ್ನೇ ತಂದುಕೊಟ್ಟೆ. ಅದೂ ಕಿರುಗುಟ್ಟಿತು. "ಸ್ಟೇಷನ್ನೇ ಸರಿಯಿಲ್ಲ" ಎಂದೆ. ನನ್ನೊಬ್ಬನನ್ನು ಬಿಟ್ಟು ಎಲ್ಲರ ಮೇಲೂ ಅನುಮಾನ ಪಟ್ಟೆ.

ಲ್ಯಾಬಿನ ಪರೀಕ್ಷೆಯಲ್ಲಿ ಬೋರ್ಡ್ ಫೇಲಾಯಿತು. ಸುತ್ತಲಿನ ಉಪಕರಣಗಳನ್ನು ಕೆಡಿಸುವಷ್ಟು ತರಂಗ ಉಗುಳುತ್ತಿದೆ ಎಂದರು. "ಇನ್ನೊಂದ್ಸಲ ಫೇಲಾದ್ರೆ ಬೇರೆಯವ್ರಿಗೆ ಕೊಟ್ಬಿಡ್ತೀನಿ ಗುರು" ಎಂದರು ನಮ್ಮ ಮ್ಯಾನೇಜರ್. ನನಗೆ ನಿಜಕ್ಕೂ ಭಯವಾಯಿತು.

ಮನೆಗೆ ಬಂದವನೇ ಅಮ್ಮನ ರೇಡಿಯೊವನ್ನು ಬೋರ್ಡಿನ ಮೇಲೆ ಅತ್ತಿತ್ತ ಆಡಿಸಿದೆ. ನಡುವೆ ಸಣ್ಣ ಗೊಣಗಾಟ, ಅಂಚಿಗೆ ಬಂದರೆ ಕಿರುಚಾಟ. ಅಮ್ಮ ಬಗ್ಗಿ ನೋಡಿದಳು.

"ಸೀರೆಗೆ ಅಂಚು ಹಾಕೋದು ಊರಿಗೆಲ್ಲ ಕಾಣ್ಲಿ ಅಂತ. ಇದೂ ಊರಿಗೆಲ್ಲ ಕೇಳ್ಬೇಕೇನೋ?"

ಉದ್ದದ ಗೆರೆ ಆಂಟೆನಾ ಆಗುತ್ತದೆ ಎಂದು ಕಾಲೇಜಿನಲ್ಲಿ ಉರು ಹೊಡೆದು ಪಾಸಾದವನು ನಾನು. ತೆಪ್ಪಗೆ ಅಂಚನ್ನು ಅಳಿಸಿದೆ. ಚಿಪ್‌ಗಳನ್ನು ಹತ್ತಿರ ತಂದು ಗೆರೆಯ ಉದ್ದವನ್ನು ಬೆರಳಗಲಕ್ಕೆ ಇಳಿಸಿದೆ. ಅದರ ಕೆಳಗೆ, ಕರೆಂಟು ಹತ್ತಿರದಲ್ಲೇ ಮರಳಲೆಂದು, ಎಲ್ಲೂ ಸೀಳಿಲ್ಲದ ತಾಮ್ರದ ಗ್ರೌಂಡ್ ಪದರ ಹಾಸಿದೆ. ಸಿಗ್ನಲ್ ಹೊರಡುವಲ್ಲೇ ಸಣ್ಣದೊಂದು ರೆಸಿಸ್ಟರ್ ಕೂರಿಸಿ ಅದರ ಅಬ್ಬರ ತಗ್ಗಿಸಿದೆ. ಬೋರ್ಡ್ ಬೋಳುಬೋಳಾಗಿ ಕಂಡು ಹೊಟ್ಟೆ ಉರಿಯಿತು. ಪರೀಕ್ಷೆಯಲ್ಲಿ ಪಾಸಾಯಿತು.

ಓಡಿಬಂದು ಅಮ್ಮನ ರೇಡಿಯೊ ಪಕ್ಕದಲ್ಲೇ ಅದನ್ನು ಚಾಲೂ ಮಾಡಿ, ಗ್ರೌಂಡ್ ಪದರದಿಂದ ಶುರುಮಾಡಿ ನನ್ನ ಸಾಹಸವನ್ನೆಲ್ಲ ವಿವರಿಸತೊಡಗಿದೆ. ಅಮ್ಮ ನೂಲು ಸುತ್ತುವುದನ್ನು ನಿಲ್ಲಿಸಲಿಲ್ಲ.

"ಲೇ, ಅದು ಸುಮ್ಕಾಯ್ತು. ನೀನ್ಯಾವಾಗ ಸುಮ್ಕಾಗ್ತೀಯ? ಹಾಡು ಬರ್ತೈತೆ."