ಒಡೆಯರ ಮೀಸೆಯ ಪದ

ಗಲ್ಫಿನ ಅರ್ದಿಯಾ ಎಂಬಲ್ಲಿ ಒಂದು ಗೋದಾಮಿನಲ್ಲಿ ನಾಟಕದ ತಾಲೀಮು ನಡೆಯುತ್ತಿತ್ತು. ಯಾರೋ ಕೂದಲು ಒಣಗಿಸುವ ಮಿಷನ್ ಹಿಡಿದು ಡಮಾಮಿ ಡೋಲಿನ ಚರ್ಮಕ್ಕೆ ಬಿಸಿಗಾಳಿ ಬಿಟ್ಟರು. ಕಾದ ಚರ್ಮದ ಆ ವಾಸನೆ ಮೂಗಿಗೆ ಬಂದದ್ದೇ, ಚಹಾ ಹಂಚುತ್ತಿದ್ದ ನಾನು ತಟ್ಟೆ ಸಮೇತ ನೆಲಕ್ಕೆ ಕೂತುಬಿಟ್ಟೆ. ಅಪ್ಪ ಹುಲ್ಲಿನ ಬೆಂಕಿ ಮಾಡಿ ನಮ್ಮ ಡಮಾಮಿಯನ್ನು ಕಾಯಿಸುತ್ತಿದ್ದ. ಮಗುವಿನ ಜ್ವರ ನೋಡುವ ಹಾಗೆ ಕೆನ್ನೆ ಇಟ್ಟು ಬಿಸಿ ನೋಡುತ್ತಿದ್ದ. ಯಲ್ಲಾಪುರದ ಕಡೆಯ ಕಾಡಂಚಿನಲ್ಲಿ ಹನ್ನೊಂದು ಮನೆಗಳ ಸಿದ್ದಿ ಕೇರಿ ನಮ್ಮದು. ಎಂದೋ ಆಫ್ರಿಕಾದಿಂದ ಹಡಗಿನಲ್ಲಿ ತಂದು ಮಾರಿದವರ ಮೊಮ್ಮಕ್ಕಳ ಮೊಮ್ಮಕ್ಕಳು ನಾವು. ಸಂಜೆಯಾದರೆ ಹೆಂಗಸರು ಹಳೆ ಸೀರೆಯ ತುಂಡುಗಳನ್ನು ಹರಡಿಕೊಂಡು ಕೌದಿ ಹೊಲಿಯುತ್ತಾ ಕೂರುತ್ತಿದ್ದರು, ಅಪ್ಪ ಬಾರಿಸುತ್ತಿದ್ದ, ಯಾರಾದರೊಬ್ಬಳು ಪದ ಕಟ್ಟುತ್ತಿದ್ದಳು. ಈಗ ಅಲ್ಲಿ ಎರಡೇ ಮನೆ ಉಳಿದಿವೆ. ನಿಮಗೂ ಅಂಥದೊಂದು ಜಾಗ ಇದ್ದೀತು, ಹೋದರೆ ಗುರುತು ಸಿಗದಂಥದು.

ಪದ ಕಟ್ಟುವುದರಲ್ಲಿ ನಮ್ಮ ಅಕ್ಕ ಗಂಗೆಯನ್ನು ಮೀರಿಸುವವರಿರಲಿಲ್ಲ. ಅವಳಿಗೆ ಹದಿನೈದು, ನನಗೆ ಒಂಬತ್ತು. ನಮ್ಮವರು ಮರ ಹತ್ತಿ ಜೇನು ಇಳಿಸಿದರೆ ಒಡೆಯರ ಮನೆಗೆ ಕೊಡಬೇಕಿತ್ತು. ಅದರ ಮೇಲೆ ಅಕ್ಕ ಒಂದು ಪದ ಕಟ್ಟಿದಳು:

ಹುಳ ಕಚ್ಚಿದ್ದು ನಮ್ಮ ಮುಖಕ್ಕೆ,
ಜೇನು ಹತ್ತಿದ್ದು ಒಡೆಯನ ಮೀಸೆಗೆ,
ಮೀಸೆ ನೆಕ್ಕೋ ಒಡೆಯಾ, ಮೀಸೆ ನೆಕ್ಕೋ.

ಇಡೀ ಕೇರಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅಪ್ಪ ಬಾರಿಸುವುದನ್ನು ನಿಲ್ಲಿಸಿ ಅಕ್ಕನ ತಲೆ ಸವರಿದ. ನನ್ನ ತಲೆಯನ್ನು ಅವನು ಹಾಗೆ ಸವರಿದ್ದು ನನಗೆ ನೆನಪಿಲ್ಲ.

ನಮ್ಮಲ್ಲಿ ಒಂದು ಕಟ್ಟಳೆ ಇತ್ತು. ಡಮಾಮಿ ಮುಂದೆ ಹುಟ್ಟಿದ ಪದಕ್ಕೆ ಒಬ್ಬರ ಹೆಸರಿಲ್ಲ. ಯಾರು ಕಟ್ಟಿದ್ದು ಅಂತ ಹೊರಗಿನವರು ಕೇಳಿದರೆ, ಕೇರಿ ಕಟ್ಟಿತು ಅನ್ನಬೇಕು. ನಡೆಯಲು ಕಲಿತ ಮಗುವಿಗೂ ಇದು ಗೊತ್ತಿತ್ತು. ಮರುವಾರ ಜೇನಿನ ಮಡಕೆ ಹೊತ್ತು ಒಡೆಯರ ಮನೆಗೆ ಹೋದೆ. ಒಡತಿ ಒಂದು ಉಂಡೆ ಕೊಟ್ಟು, "ಎಂತಾರು ಹಾಡೇ ಕೂಸೇ" ಅಂದರು. ನಾನು ಅದನ್ನೇ ಹಾಡಿದೆ. ಜಗುಲಿಯಲ್ಲಿದ್ದವರೆಲ್ಲ ನಕ್ಕರು, ಒಡೆಯರೂ ನಕ್ಕರು. ನಗುತ್ತಲೇ ಕೇಳಿದರು, "ಯಾರೇ ಕಟ್ಟಿದ್ದು?" ನಾನು "ನಮ್ಮ ಅಕ್ಕ ಗಂಗೆ" ಅಂದೆ. ಬಾಯಿ ತಪ್ಪಿ ಬಂದದ್ದಲ್ಲ. ಅವಳಿಗೊಂದು ಏಟು ಬೀಳಲಿ ಅಂತಲೇ ಹೇಳಿದೆ.

ಬಿದ್ದದ್ದು ಒಂದು ಏಟಲ್ಲ. ಮರುದಿನ ಒಡೆಯರು ಕೇರಿಗೆ ಬಂದರು. ಅಪ್ಪ ಕೈಮುಗಿದು ನಿಂತಿದ್ದ ಹಾಗೆಯೇ ಅವರ ಆಳು ಡಮಾಮಿಯ ಚರ್ಮವನ್ನು ಕತ್ತಿಯಿಂದ ಸೀಳಿದ. ಆ ವಾರವೇ ಅಕ್ಕನನ್ನು ಗೋವಾದಲ್ಲಿ ಒಡೆಯರ ನೆಂಟರ ಮನೆ ಚಾಕರಿಗೆ ಕಳಿಸಬೇಕಾಯಿತು. ಹನ್ನೊಂದು ವರ್ಷ ಕಳೆದು ಬಂದಳು. ಬಂದವಳು ಬಾಯಿ ತೆರೆದು ಒಂದು ಸಾಲು ಹಾಡಲಿಲ್ಲ.

ನಾನು ಐದನೇ ಕ್ಲಾಸು ಓದಿ ಬಿಟ್ಟವಳು. ಇಲ್ಲೇ ಖೈತಾನ್‌ನಲ್ಲಿ ಮಂಗಳೂರಿನವರ ಮನೆಯಲ್ಲಿ ಕೆಲಸಕ್ಕಿದ್ದೇನೆ. ನಮ್ಮ ಮೇಡಂ ಕನ್ನಡದವರ ನಾಟಕದಲ್ಲಿದ್ದರು. ಸಿದ್ದಿ ಕೇರಿಯ ಹಾಡು ಕುಣಿತಗಳದ್ದೇ ಒಂದು ದೊಡ್ಡ ಸಂಗೀತ ನಾಟಕ. "ನೀನೂ ಬಾ ಮಾರಾಯ್ತಿ, ಒಂದು ಒರಿಜಿನಲ್ ಲುಕ್ ಬರ್ತದೆ" ಅಂತ ಕರೆದುಕೊಂಡು ಹೋದರು. ಉಳಿದವರೆಲ್ಲ ಮುಖಕ್ಕೆ ಕಪ್ಪು ಬಳಿದುಕೊಳ್ಳುತ್ತಿದ್ದರು. "ನಿಂಗೆ ಮೇಕಪ್ ಖರ್ಚಿಲ್ಲ" ಅಂದಳು ಒಬ್ಬಳು. ನಾನೂ ನಕ್ಕೆ. ನಾಟಕ ಬರೆದವರು ಬಂದಾಗ ನಗು ನಿಂತಿತು. ಅವರು ನಮ್ಮ ಒಡೆಯರ ಮಗ, ಇಲ್ಲಿ ಎಣ್ಣೆ ಕಂಪನಿಯಲ್ಲಿ ಇಂಜಿನಿಯರ್. ಅವರಿಗೆ ನನ್ನ ಗುರುತು ಹತ್ತಲಿಲ್ಲ. ಅವರ ನಾಟಕದಲ್ಲಿ ಒಬ್ಬ ದಯಾಳು ಒಡೆಯ ಕೇರಿಗೆ ಬಂದು ತನ್ನ ಕೈಯಾರೆ ಡಮಾಮಿಗೆ ಹೊಸ ಚರ್ಮ ಕೊಡುತ್ತಾನೆ.

ಅದನ್ನು ನೋಡಿದ ದಿನವೇ ನಿಶ್ಚಯ ಮಾಡಿದೆ. ತಾಲೀಮಿಗೆ ಹೋಗಿ ಬರುವ ಬಸ್ಸಿನಲ್ಲಿ, ಕೇರಿಯ ಹಳೆ ಪದ ಅಂತ ಹೇಳಿ, ಮೇಳದ ಹೆಂಗಸರಿಗೆಲ್ಲ ಆ ಪದ ಕಲಿಸಿ, ನಾನು ಎತ್ತಿದಾಗ ನೀವೂ ಕೂಡಿ ಅಂದೆ. ಪ್ರದರ್ಶನದ ದಿನ ಒಡೆಯರ ಮಗ ಮುಂದಿನ ಸಾಲಿನ ನಡುವೆ ಕೂತಿದ್ದರು. ಒಡೆಯ ಚರ್ಮ ಕೊಟ್ಟ ಮೇಲೆ ನಾನು ಎರಡು ಸಾಲಿನ ಸ್ವಾಗತ ಹಾಡಬೇಕಿತ್ತು. ನಾನು ಮುಂದೆ ಬಂದು ಅವರನ್ನೇ ನೋಡುತ್ತಾ ಅಕ್ಕನ ಪದ ಎತ್ತಿದೆ. ಹಿಂದಿನಿಂದ ಇಪ್ಪತ್ತು ಹೆಂಗಸರು "ಮೀಸೆ ನೆಕ್ಕೋ ಒಡೆಯಾ" ಅಂತ ಕೂಡಿದರು. ಜನ ತಾಳ ಹಾಕಿ ನಕ್ಕರು. ಒಡೆಯರ ಮಗನಿಗೆ ಮೀಸೆ ಇರಲಿಲ್ಲ, ಆದರೂ ಕೈ ಮೇಲ್ದುಟಿಗೆ ಹೋಯಿತು. ಎದ್ದು ಹೋಗುವ ಹಾಗಿರಲಿಲ್ಲ. ಅಷ್ಟು ಸುಖ ನಾನು ಜನ್ಮದಲ್ಲಿ ಕಂಡಿರಲಿಲ್ಲ. ಹಾಗೆ ಹಾಡಿದ್ದಕ್ಕೆ ಇವತ್ತಿಗೂ ನನಗೆ ಬೇಸರವಿಲ್ಲ.

ಪರದೆ ಬಿದ್ದ ಮೇಲೆ ಅವರು ಒಳಗೆ ಬಂದರು. ದನಿ ಎತ್ತಲಿಲ್ಲ. "ಚಲೋ ಹಾಡಿದೆ. ಆ ದಿನ ನಾನೂ ಜಗುಲಿ ಮೇಲೇ ಇದ್ದೆ. ಅಪ್ಪಂಗೆ ಹೆಸರು ಹೇಳಿದ್ದು ಯಾರು ಅಂತ ನಿನ್ನ ಅಕ್ಕಂಗೆ ಗೊತ್ತಿದ್ಯೋ?" ಅಂದರು. ಉತ್ತರಕ್ಕೆ ಕಾಯಲಿಲ್ಲ.

ಅವರ ಬಾಯಿಂದ ಅವಳಿಗೆ ತಿಳಿಯಬಾರದು ಅಂತ ಶುಕ್ರವಾರ ನಾನೇ ಫೋನ್ ಮಾಡಿದೆ. ಹಾಡಿದ್ದನ್ನು ಹೇಳಿದೆ, ಹೆಸರು ಹೇಳಿದ್ದನ್ನೂ ಹೇಳಿದೆ.

"ಮೂಲೆಮನೆ ಚಿಕ್ಕಮ್ಮ ಹೇಳಿದ್ದು ಅಂತ ಅಪ್ಪ ಸಾಯೋವರೆಗೂ ಅಂತಿದ್ದ" ಅಂದಳು. "ನಾನೂ ಅವಳ ಕೂಡೆ ಮಾತು ಬಿಟ್ಟಿದ್ದೆ. ಅವಳು ಸಾಯೋ ಮುಂದೆ ಬಾ ಅಂತ ಹೇಳಿ ಕಳ್ಸಿದ್ಲು. ನಾನು ಹೋಗಲಿಲ್ಲ."

"ಅಕ್ಕಾ" ಅಂದೆ.

"ಹಾಡಿದ್ದು ಸಾಕು. ಆ ಪದ ಇನ್ನು ನಿನ್ನ ಬಾಯಲ್ಲಿ ಬೇಡ."

ಅಬು ಹಲೀಫಾದಲ್ಲಿ ನಾಟಕ ಮತ್ತೊಮ್ಮೆ ಆಯಿತು. ಜನ ಕೇಳಿದರೆಂದು ಆ ಪದವನ್ನು ಉಳಿಸಿಕೊಂಡರು. ಗಂಟಲು ಕೆಟ್ಟಿದೆ ಅಂತ ಮೇಡಂಗೆ ಹೇಳಿ ನಾನು ಪರದೆಯ ಹಿಂದೆ ನಿಂತಿದ್ದೆ. ಚೆನ್ನಾಗಿಯೇ ಹಾಡಿದರು. ಈಗ ನಮ್ಮ ಕಟ್ಟಡದ ಮಕ್ಕಳೂ ಅದನ್ನು ಹಾಡಿಕೊಂಡು ಮೆಟ್ಟಿಲು ಇಳಿಯುತ್ತಾರೆ. ಹಾಗಂದರೆ ಏನು ಆಂಟಿ ಅಂತ ಇಂಗ್ಲಿಷಿನಲ್ಲಿ ಕೇಳುತ್ತಾರೆ. ಯಾವ ಜೇನು, ಯಾವ ಒಡೆಯ, ಯಾರ ಮೀಸೆ, ಎಲ್ಲ ಹೇಳುತ್ತೇನೆ. ಹಾಡಿ ತೋರಿಸು ಅಂದರೆ ಮಾತ್ರ ಇಲ್ಲ ಅನ್ನುತ್ತೇನೆ.